ಎಂಟು ಸಮೀಕರಣ ಆರಾಗಿದ್ದು ಹೀಗೆ

ಜೀವಕೋಶ ತಾನಾಗಿಯೇ ಸಾಯುವ ಕ್ರಿಯೆಗೆ ಅಪೋಪ್ಟೋಸಿಸ್ ಎನ್ನುತ್ತಾರೆ. ಅದರ ಗಣಿತ ಮಾದರಿಯನ್ನು ಚಿಕ್ಕದು ಮಾಡಬೇಕಾದಾಗ ನಾನು ಎತ್ತಿಕೊಂಡಿದ್ದು 2004ರಲ್ಲಿ ಜರ್ಮನಿಯ ಥಾಮಸ್ ಐಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಮಾದರಿ. ಅದರಲ್ಲಿ ಕ್ಯಾಸ್ಪೇಸ್-8 ಎಂಬ ಕಿಣ್ವ ಕ್ಯಾಸ್ಪೇಸ್-3 ಅನ್ನು ಚಾಲೂ ಮಾಡುತ್ತದೆ. ಅದು ತಿರುಗಿ ಕ್ಯಾಸ್ಪೇಸ್-8ಕ್ಕೇ ಕುಮ್ಮಕ್ಕು ಕೊಡುತ್ತದೆ. ಚಾಲೂ ಆದ ಕ್ಯಾಸ್ಪೇಸ್-3ಕ್ಕೆ ಐಎಪಿ, ಕ್ಯಾಸ್ಪೇಸ್-8ಕ್ಕೆ ಬಿಎಆರ್ ಎಂಬ ಪ್ರೋಟೀನುಗಳು ಅಂಟಿಕೊಂಡು ತಡೆಯುತ್ತವೆ. ಬಗೆಬಗೆಯ ಅಣುಗಳಿಗೆ ಒಂದೊಂದರಂತೆ ಒಟ್ಟು ಎಂಟು ಸಮೀಕರಣ.

ಇಂಥ ಕಡೆ ಕೈ ಮೊದಲು ಹೋಗುವುದು ಕಿಣ್ವದ ಕೆಲಸದ ವೇಗ ಹೇಳುವ ಮಿಕೇಲಿಸ್-ಮೆಂಟೆನ್ ಸೂತ್ರಕ್ಕೆ. ನಾನು ಅದನ್ನು ಮುಟ್ಟಲಿಲ್ಲ. ಕಿಣ್ವ ಚೂರೇ ಇದ್ದಾಗ ಅದು ಚೆನ್ನಾಗಿ ನಡೆಯುತ್ತದೆ. ಇಲ್ಲಿ ಕೋಶವೊಂದಕ್ಕೆ ಕ್ಯಾಸ್ಪೇಸ್-8 1,30,000 ಅಣು, ಕ್ಯಾಸ್ಪೇಸ್-3 21,000, ಐಎಪಿ 40,000. ಯಾರೂ ಕಡಿಮೆ ಇಲ್ಲ!

ಬದಲಿಗೆ ವೇಗಗಳನ್ನು ಪಕ್ಕಪಕ್ಕ ಬರೆದುಕೊಂಡೆ. ಐಎಪಿ ತುಂಬಿರುವಾಗ ಚಾಲೂ ಆದ ಬಿಡಿ ಕ್ಯಾಸ್ಪೇಸ್-3 ಸುಮಾರು 3 ಸೆಕೆಂಡಿನಲ್ಲಿ ಅದಕ್ಕೆ ಅಂಟುತ್ತದೆ. ಪ್ರೋಟೀನುಗಳು ಹುಟ್ಟಿ ಕರಗುವುದು ಗಂಟೆಗಳ ಲೆಕ್ಕ. ಹಾಗಾಗಿ ಬಿಡಿ ಅಣು, ಅಂಟಿದ ಅಣು ಎರಡನ್ನೂ ಕೂಡಿಸಿ ಒಂದೇ ಚರ ಮಾಡಿದೆ. ಬಿಡಿಯಾಗಿ ಎಷ್ಟಿವೆ ಎನ್ನುವುದು ವರ್ಗ ಸಮೀಕರಣದಿಂದ ಸಿಗುತ್ತದೆ. ಬಿಎಆರ್ ಕಡೆಯೂ ಇದೇ ಕೆಲಸ. ಎಂಟು ಹೋಗಿ ಆರಾಯಿತು.

ಅಷ್ಟು ನಿಧಾನವಾಗಿ ಕರಗುವುದನ್ನೂ ಕೈಬಿಟ್ಟರೆ ಇನ್ನೂ ಸುಲಭ ಅಲ್ವಾ? ಬೇಡ. ಬದುಕಿರುವ ಸ್ಥಿತಿ ನಿಂತಿರುವುದೇ ಅದರ ಮೇಲೆ. ತಡೆ ಎಷ್ಟೇ ಬಿಗಿಯಾಗಿದ್ದರೂ ಚಾಲೂ ಆದ ಅಣುಗಳಲ್ಲಿ ನೂರಕ್ಕೆ ಒಂದರಷ್ಟು ಬಿಡಿಯಾಗಿರುತ್ತವೆ. ಸಿಕ್ಕಿಬಿದ್ದವು ಕರಗಿ ಹೋಗದಿದ್ದರೆ ಆ ಒಂದೇ ಸಾಕು, ಚಿಕ್ಕ ಕಿಡಿಯೂ ಬೆಳೆಯುತ್ತಲೇ ಹೋಗುತ್ತದೆ.

ಆಮೇಲೆ ಪರೀಕ್ಷೆ. ಎಂಟರದ್ದು, ಆರರದ್ದು ಎರಡೂ ಮಾದರಿಗಳಲ್ಲಿ ಸ್ಥಿರ ಸ್ಥಿತಿಗಳು, ಅಂದರೆ ಪ್ರಮಾಣಗಳು ಬದಲಾಗದೆ ನಿಲ್ಲುವ ಸ್ಥಿತಿಗಳು, ಕರಾರುವಾಕ್ಕಾಗಿ ಒಂದೇ ಬರುತ್ತವೆ. ಇದಕ್ಕೆ ಖುಷಿಪಡುವಂಥದ್ದೇನಿಲ್ಲ. ಈ ವಿಧಾನದಲ್ಲಿ ಅವು ಬದಲಾಗಲು ದಾರಿಯೇ ಇಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನೋಡಬೇಕಾದ್ದು ಸಾವಿನ ಸಮಯ. ಕೋಶ ಬದುಕಿನಿಂದ ಸಾವಿನ ಕಡೆಗೆ ಮಗುಚುವ ಹೊತ್ತಿಗೆ ಬಿಡಿ ಐಎಪಿ ಖಾಲಿಯಾಗುತ್ತಾ ಬಂದಿರುತ್ತದೆ. ನಿಮಿಷಕ್ಕೆ 20ರಷ್ಟಿದ್ದ ಅಂಟುವ ವೇಗ 3ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಸ್ಪೇಸ್‌ಗಳು ಒಂದನ್ನೊಂದು ಚಾಲೂ ಮಾಡುವ ವೇಗ ನಿಮಿಷಕ್ಕೆ 1ಕ್ಕಿಂತ ತುಸು ಜಾಸ್ತಿ. ಅಂದರೆ ವೇಗದ್ದು, ನಿಧಾನದ್ದು ಎಂಬ ಅಂತರ ತೆಳುವಾಗುವುದು ಸರಿಯಾಗಿ ಮುಖ್ಯ ಗಳಿಗೆಯಲ್ಲೇ.

ಅದಕ್ಕೇ ಆರಂಭದ ಕ್ಯಾಸ್ಪೇಸ್-8 ಪ್ರಮಾಣವನ್ನು ಬದಲಿಸುತ್ತಾ ಎರಡೂ ಮಾದರಿಗಳ ಮಗುಚುವ ಸಮಯವನ್ನು ಒಂದೇ ಗ್ರಾಫಿನಲ್ಲಿ ಹಾಕುತ್ತೇನೆ. ಬದುಕು-ಸಾವಿನ ಗಡಿಯ ಹತ್ತಿರ ಬಿಂದುಗಳನ್ನು ಒತ್ತೊತ್ತಾಗಿ ಇಡುತ್ತೇನೆ. ಬದುಕುತ್ತದೋ ಸಾಯುತ್ತದೋ ಎಂಬುದಷ್ಟೇ ಪ್ರಶ್ನೆಯಾದರೆ ಆರು ಸಾಕು. ನಿಮಿಷಗಳ ಲೆಕ್ಕ ಬೇಕೆಂದರೆ ಐಎಪಿ, ಕ್ಯಾಸ್ಪೇಸ್-3 ಜೋಡಿಯನ್ನು ಮತ್ತೆ ಬಿಡಿಸಿ, ಏಳು ಸಮೀಕರಣ ಇಟ್ಟುಕೊಳ್ಳುತ್ತೇನೆ.