ಅಂಟಬೇಕು, ಆದರೆ ಬೇಕಾದ ಕಡೆ ಮಾತ್ರ

ಬಳ್ಳಾರಿಯಲ್ಲಿ ಈಗ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಅದಕ್ಕೆ ಮೊದಲು ಕೆಲವು ವರ್ಷ ಪೆಟ್ ಸ್ಕ್ಯಾನ್‌ಗೆ ಬೇಕಾದ ಟ್ರೇಸರ್ ತಯಾರಿಸುವ ಲ್ಯಾಬಿನಲ್ಲಿದ್ದೆ. ಟ್ರೇಸರ್ ಅಂದರೆ ವಿಕಿರಣ ಸೂಸುವ ಪರಮಾಣು ಕೂರಿಸಿದ ಅಣು. ದೇಹದೊಳಗೆ ಅದು ಎಲ್ಲಿ ಸೇರಿದೆ ಎಂದು ಸ್ಕ್ಯಾನರ್ ತೋರಿಸುತ್ತದೆ. ‘ಸರ್, ಅದನ್ನ ಬೆಂಗಳೂರಿಂದ ಇಲ್ಲಿಗೆ ತರಿಸ್ಕೊಂಡ್ರೆ ಆಗಲ್ವಾ?’ ಎಂದು ಹುಡುಗರು ಕೇಳುತ್ತಾರೆ. ಅದರಲ್ಲಿರುವ ವಿಕಿರಣದ ಪರಮಾಣು ಫ್ಲೋರಿನ್-18 ಆದರೆ ತರಬಹುದು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯುವ ಹೊತ್ತು, 110 ನಿಮಿಷ. ಆರು ಗಂಟೆ ರಸ್ತೆಯಲ್ಲೇ ಕಳೆದರೂ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ನಾನು ಜಾಸ್ತಿ ಒಡನಾಡಿದ್ದು ಕಾರ್ಬನ್-11ರ ಜೊತೆ. ಅದು 20 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಮೂರು ತಾಸಿನಲ್ಲಿ ದಾರಿ ಮಧ್ಯದ ಹಿರಿಯೂರು ಮುಟ್ಟಿದರೂ ನಾನೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಹಾಗಾಗಿ ಕಾರ್ಬನ್-11 ಹುಟ್ಟಿಸುವ ಸೈಕ್ಲೋಟ್ರಾನ್ ಯಂತ್ರ, ಲ್ಯಾಬ್, ಸ್ಕ್ಯಾನರ್ ಮೂರೂ ಅಕ್ಕಪಕ್ಕದಲ್ಲೇ ಇರಬೇಕು.

ಸೈಕ್ಲೋಟ್ರಾನ್‌ನಲ್ಲಿ ನೈಟ್ರೋಜನ್ ಗ್ಯಾಸಿಗೆ ಪ್ರೋಟಾನ್ ಹೊಡೆದರೆ ಕಾರ್ಬನ್-11 ಹುಟ್ಟುತ್ತದೆ. ಅದನ್ನು ಮಿಥೈಲ್ ಅಯೋಡೈಡ್ ಮಾಡಿ, ಮೊದಲೇ ತಯಾರಿಟ್ಟ ಅಣುವಿಗೆ ಕೂರಿಸುತ್ತಿದ್ದೆವು. ಎಲ್ಲವೂ ವಿಕಿರಣ ತಡೆಯುವ ಸೀಸದ ಗೋಡೆಯ ಹಾಟ್ ಸೆಲ್ ಒಳಗೆ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರುವ ಜಾಗ, ಅಂದರೆ ಡಿ2 ರಿಸೆಪ್ಟರ್, ನೋಡುವ ರಾಕ್ಲೋಪ್ರೈಡ್ ಎಂಬ ಟ್ರೇಸರ್ ಹೀಗೇ ಆಗುವುದು. 1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ಹೆನ್ರಿ ವ್ಯಾಗ್ನರ್ ಡೋಪಮಿನ್ ರಿಸೆಪ್ಟರ್ ಚಿತ್ರ ತೆಗೆಯಲು ತಮ್ಮ ತಲೆಯನ್ನೇ ಸ್ಕ್ಯಾನರ್‌ಗೆ ಒಡ್ಡಿದ್ದರು, ಆ ಟ್ರೇಸರಿನಲ್ಲಿದ್ದಿದ್ದೂ ಇದೇ ಕಾರ್ಬನ್-11. ಅಣುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಶುದ್ಧ ಮಾಡಿ, ಫಿಲ್ಟರ್ ಹಾಯಿಸಿ, ಪರೀಕ್ಷೆ ಮುಗಿಸುವಷ್ಟರಲ್ಲಿ ಮುಕ್ಕಾಲು ಪಾಲು ಹೋಗಿಯೇಬಿಟ್ಟಿರುತ್ತದೆ.

ಹೊರಗಿನವರಿಗೆ ಈ ಓಟವೇ ಕಷ್ಟ ಅನ್ನಿಸುತ್ತದೆ. ನನ್ನ ಪ್ರಕಾರ ಇದು ಕೈ ಪಳಗಿದರೆ ಬರುವ ಕೆಲಸ. ನಿಜವಾದ ತಲೆನೋವು ಹೊಸ ಅಣುವನ್ನು ಆರಿಸುವುದು. ರಿಸೆಪ್ಟರ್‌ಗೆ ಗಟ್ಟಿಯಾಗಿ ಅಂಟಿದರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸಾಲದು. ರಕ್ತದಿಂದ ಮೆದುಳಿಗೆ ದಾಟಲು ಅಣುವಿಗೆ ಸ್ವಲ್ಪ ಜಿಡ್ಡಿನ ಗುಣ ಬೇಕು. ಜಿಡ್ಡು ಜಾಸ್ತಿಯಾಯಿತೋ, ಸಿಕ್ಕಸಿಕ್ಕ ಕೊಬ್ಬಿಗೆಲ್ಲ ಮೆತ್ತಿಕೊಳ್ಳುತ್ತದೆ. ಇಡೀ ಮೆದುಳು ಒಂದೇ ಸಮ ಹೊಳೆಯುತ್ತದೆ, ಚಿತ್ರ ಸುಮ್ನೆ ದಂಡ. ಕೆಲವು ಅಣುಗಳನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಬಾಗಿಲಲ್ಲೇ ಹೊರಗೆ ತಳ್ಳುತ್ತದೆ. ಇನ್ನು ಕೆಲವನ್ನು ಲಿವರ್ ಒಡೆದುಹಾಕುತ್ತದೆ. ಆ ಚೂರುಗಳೂ ವಿಕಿರಣ ಹೊತ್ತುಕೊಂಡು ಮೆದುಳು ಸೇರಿದರೆ ಲೆಕ್ಕವೇ ಕೆಟ್ಟಿತು.

ಡಿ2 ಟ್ರೇಸರ್ ಆದರೆ, ಇಲಿಯ ಸ್ಕ್ಯಾನ್ ಬಂದ ಕೂಡಲೇ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಮೆದುಳಿನ ಹಿಂಭಾಗದ ಸೆರೆಬೆಲ್ಲಮ್‌ಗೆ. ಅಲ್ಲಿ ಡಿ2 ಇಲ್ಲವೆನ್ನುವಷ್ಟು ಕಡಿಮೆ. ಟ್ರೇಸರ್ ಅಲ್ಲಿಂದ ಬೇಗ ಖಾಲಿಯಾಗಬೇಕು, ಡಿ2 ತುಂಬಿರುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ನಿಲ್ಲಬೇಕು. ಆಮೇಲೆ ಬ್ಲಾಕಿಂಗ್. ಅದೇ ರಿಸೆಪ್ಟರ್‌ಗೆ ಕೂರುವ, ವಿಕಿರಣವಿಲ್ಲದ ಔಷಧಿ ಮೊದಲು ಕೊಟ್ಟು, ಆಮೇಲೆ ಟ್ರೇಸರ್ ಕೊಡುತ್ತಿದ್ದೆವು. ಸ್ಟ್ರಯೇಟಮ್ ಮಂಕಾದರೆ ಅಣು ಕೂತಿದ್ದು ರಿಸೆಪ್ಟರ್ ಮೇಲೇ ಅಂತ ಖಾತ್ರಿ. ಮಂಕಾಗಲಿಲ್ಲವೋ, ಸಿಂಥೆಸಿಸ್‌ಗೆ ಎಷ್ಟೇ ತಿಂಗಳು ಬೆವರು ಸುರಿಸಿದ್ದರೂ ಅದನ್ನು ಬದಿಗಿಟ್ಟು ಮುಂದಿನ ಅಣು ಎತ್ತಿಕೊಳ್ಳುತ್ತಿದ್ದೆವು.