ಪಾಲಿಕಾಂಡ್ರೈಟಿಸ್ ರೋಗಿಗೆ ಅರಿವಳಿಕೆ: ಟ್ಯೂಬ್ ತೆಗೆಯುವ ಹೊತ್ತೇ ಕಷ್ಟದ್ದು

ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಎಂದರೆ ಮೃದ್ವಸ್ಥಿಗೆ ಮರಮರಳಿ ಉರಿಯೂತ ಬರುವ ರೋಗ. ಅದರ ಗುರುತು ಕಿವಿಯಲ್ಲೇ ಸಿಗುವುದುಂಟು. ಕಿವಿ ಕೆಂಪಗೆ ಊದಿರುತ್ತದೆ, ಓಲೆ ಚುಚ್ಚುವ ಕೆಳತುದಿ ಮಾತ್ರ ಮಾಮೂಲಾಗಿರುತ್ತದೆ. ಅಲ್ಲಿ ಮೃದ್ವಸ್ಥಿ ಇಲ್ಲವಲ್ಲ. ಇದೇ ಉರಿಯೂತ ಶ್ವಾಸನಾಳದ ಉಂಗುರಗಳಿಗೆ ಹಿಡಿದರೆ ಅರಿವಳಿಕೆ ಕೊಡುವ ನಮ್ಮ ಪೇಚಾಟ ಶುರು.

ಉಸಿರಿನ ಸದ್ದು ಯಾವಾಗ ಬರುತ್ತದೆಂದು ಮೊದಲು ಕೇಳಿಸಿಕೊಳ್ಳುತ್ತೇನೆ. ಉಸಿರೆಳೆಯುವಾಗ ಬಂದರೆ ತೊಂದರೆ ಹೆಚ್ಚಾಗಿ ಕತ್ತಿನ ಮಟ್ಟದ್ದು, ಬಿಡುವಾಗ ಬಂದರೆ ಎದೆಯೊಳಗಿನದು. ಸಿ.ಟಿ.ಯನ್ನು ಉಸಿರು ಬಿಡುವಾಗಲೂ ತೆಗೆಸಬೇಕು; ಉಸಿರು ತುಂಬಿಕೊಂಡಾಗ ತೆಗೆದ ಚಿತ್ರದಲ್ಲಿ ಮೆತ್ತಗಾದ ನಾಳವೂ ಸರಿಯಾಗಿಯೇ ಕಾಣಬಹುದು. ಹೃದಯದ ಅಯೋರ್ಟಿಕ್ ಕವಾಟ ಸೋರುವುದುಂಟು, ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ಬೇಕೇ ಬೇಕು. ಬಹುಕಾಲದಿಂದ ಸ್ಟೀರಾಯ್ಡ್ ನುಂಗುತ್ತಿರುವವರಿಗೆ ಶುರುವಿನಲ್ಲೇ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ.

ಸ್ಪೈನಲ್ (ಬೆನ್ನಿಗೆ ಚುಚ್ಚಿ ಮರಗಟ್ಟಿಸುವುದು) ಅಥವಾ ನರದ ಬ್ಲಾಕ್‌ನಲ್ಲಿ ಮುಗಿಯುವ ಕೇಸಾದರೆ ಶ್ವಾಸನಾಳದ ತಂಟೆಗೇ ಹೋಗುವುದಿಲ್ಲ. ಉಸಿರಾಟದ ಟ್ಯೂಬ್ ಹಾಕಲೇಬೇಕಾದರೆ ಎಚ್ಚರವಿರುವಾಗಲೇ, ಬ್ರಾಂಕೋಸ್ಕೋಪ್ (ಶ್ವಾಸನಾಳ ನೋಡುವ, ಬಾಗುವ ಕ್ಯಾಮೆರಾ ಕೊಳವೆ) ಮೇಲೆ ಜಾರಿಸಿ. ಜೊಲ್ಲು ಒಣಗಲು ಗ್ಲೈಕೋಪೈರೊಲೇಟ್ 0.2 ಮಿ.ಗ್ರಾಂ; ಮರಗಟ್ಟಿಸಲು ಸಿಂಪಡಿಸುವ ಲಿಗ್ನೋಕೇನ್ ಒಟ್ಟು ಕೆ.ಜಿ.ಗೆ 9 ಮಿ.ಗ್ರಾಂ ದಾಟಬಾರದು, ಅದೂ ಕೊಬ್ಬು ಬಿಟ್ಟ ತೂಕದ ಲೆಕ್ಕಕ್ಕೆ. 5, 5.5, 6 ಸೈಜಿನ ಟ್ಯೂಬ್‌ಗಳು ಟ್ರೇಯಲ್ಲಿರಲಿ. ಸ್ಕೋಪ್ ನುಸುಳಿತೆಂದು ಟ್ಯೂಬೂ ನುಸುಳೀತು ಎನ್ನಲಾಗದು. ಧ್ವನಿಪೆಟ್ಟಿಗೆಯ ಕೆಳಗೆ ಅಡ್ಡಿ ಸಿಕ್ಕರೆ ನೂಕದೆ ಸಣ್ಣದಕ್ಕೆ ಬದಲಿಸುತ್ತೇನೆ. ಕ್ರೈಕಾಯ್ಡ್ (ಧ್ವನಿಪೆಟ್ಟಿಗೆಯ ಕೆಳಗಿನ ಮೃದ್ವಸ್ಥಿಯ ಉಂಗುರ) ಒತ್ತುವುದಿಲ್ಲ, ಮೆತ್ತಗಿನ ಉಂಗುರ ಮಡಚಿಕೊಳ್ಳುತ್ತದೆ. ಇ.ಎನ್.ಟಿ. ಸರ್ಜನ್ ರಿಜಿಡ್ (ಬಾಗದ, ಗಟ್ಟಿ) ಬ್ರಾಂಕೋಸ್ಕೋಪ್ ಜೊತೆ ಪಕ್ಕದಲ್ಲೇ ಇರಬೇಕು. ಟ್ರಕಿಯಾಸ್ಟಮಿ (ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡುವುದು) ಇದೆಯಲ್ಲ ಎಂಬ ಧೈರ್ಯ ಬೇಡ: ಕುಸಿತ ಆ ಕೊಳವೆಯ ತುದಿಗಿಂತ ಕೆಳಗಿದ್ದರೆ ಅದರಿಂದ ಉಪಯೋಗವಿಲ್ಲ.

ವೆಂಟಿಲೇಟರ್‌ನಲ್ಲಿ ನಿಮಿಷಕ್ಕೆ 10–12 ಉಸಿರು, ಎಳೆತ-ಬಿಡುವು 1:3, ಪೀಪ್ (ಉಸಿರು ಬಿಟ್ಟ ಕೊನೆಗೂ ಒಳಗೆ ಉಳಿಸುವ ಒತ್ತಡ) 5ರಿಂದ 8 ಸೆಂ.ಮೀ. ನೀರು. ಪರದೆಯಲ್ಲಿ ಬಿಡುವ ಗಾಳಿಯ ಗೆರೆ ಸೊನ್ನೆಗೆ ಬರುವ ಮೊದಲೇ ಮುಂದಿನ ಉಸಿರು ಹೋದರೆ ಗಾಳಿ ಒಳಗೇ ಕೂಡುತ್ತಾ ಹೋಗುತ್ತದೆ. ಬಿ.ಪಿ. ದಿಢೀರ್ ಬಿದ್ದರೆ ಮೊದಲು ಸರ್ಕ್ಯೂಟ್ ಬಿಚ್ಚಿ ಗಾಳಿ ಹೊರಬಿಡಿ. ಕಫ್ (ಟ್ಯೂಬ್ ಸುತ್ತ ಊದಿಸುವ ಬಲೂನು) ಒತ್ತಡ 20–25 ಸೆಂ.ಮೀ. ನೀರು, ಮಾನೋಮೀಟರ್ ಹಿಡಿದೇ; ಬೆರಳಿನ ಅಂದಾಜು ಇಲ್ಲಿ ನಡೆಯದು.

ಇನ್ನು ಟ್ಯೂಬ್ ತೆಗೆಯುವುದು. ಇಷ್ಟು ಹೊತ್ತು ನಾಳವನ್ನು ಹಿಗ್ಗಿಸಿ ಹಿಡಿದಿದ್ದ ಒತ್ತಡ ಒಮ್ಮೆಲೇ ಹೋಗುತ್ತದೆ, ಮೇಲಿಂದ ಕೆಮ್ಮು. ಕೆಮ್ಮಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯುತ್ತದೆ. ಸ್ನಾಯುಗಳ ಬಲ ಎಷ್ಟು ಮರಳಿದೆ ಎಂದು ತೋರಿಸುವ ಟ್ರೈನ್ ಆಫ್ ಫೋರ್ ಅನುಪಾತ 0.9 ಮುಟ್ಟದೆ ತೆಗೆಯುವುದಿಲ್ಲ. ರೋಗಿ ಕೂತಿರಬೇಕು, ಪೂರ್ತಿ ಎಚ್ಚರವಿರಬೇಕು. ಕೆಮ್ಮು ತಡೆಯಲು ರಕ್ತನಾಳಕ್ಕೆ ಲಿಗ್ನೋಕೇನ್ ಕೊಡುವ ಮೊದಲು ಬೆಳಿಗ್ಗೆ ಸಿಂಪಡಿಸಿದ್ದನ್ನೂ ಲೆಕ್ಕಕ್ಕೆ ಸೇರಿಸಿ. ಸಿಪ್ಯಾಪ್ (ಸತತ ಒತ್ತಡದಲ್ಲಿ ಗಾಳಿ ಕೊಡುವ) ಮಾಸ್ಕ್ ಮೊದಲೇ ಅಳತೆ ನೋಡಿಟ್ಟಿರುತ್ತೇನೆ: ಮೂಗಿನ ಸೇತುವೆ ಕುಸಿದವರಲ್ಲಿ ಅದು ಸೋರುತ್ತದೆ, ಪಟ್ಟಿ ನೋವಿರುವ ಕಿವಿಯ ಮೇಲೇ ಕೂರುತ್ತದೆ. ಹತ್ತಿಯ ಪ್ಯಾಡ್ ಇಡದಿದ್ದರೆ ರೋಗಿ ಮಾಸ್ಕ್ ಕಿತ್ತೆಸೆಯುತ್ತಾರೆ.

ರಿಕವರಿಯಲ್ಲಿ ಎದೆ ಕುಯ್‌ಗುಟ್ಟಿದರೆ ಅಸ್ತಮಾ ಎಂದುಕೊಂಡು ಸಾಲ್ಬುಟಮಾಲ್ ಕೊಟ್ಟು ಕಾಯುವುದು ಸಾಮಾನ್ಯ ತಪ್ಪು. ಅದು ಗೋಡೆ ಮಡಚಿಕೊಂಡ ಸದ್ದಾಗಿದ್ದರೆ ಸಿಪ್ಯಾಪ್ 8–10ಕ್ಕೆ ಏರಿಸಿದಾಗಲೇ ಇಳಿಯುತ್ತದೆ.