ಹಳೆಯ ಮನೆಯ ತೊಲೆಗಳನ್ನು ತೋಟದ ಮಳೆಗೆ ಒಗ್ಗಿಸಿದ್ದು

ತೀರ್ಥಹಳ್ಳಿ ಸೀಮೆಯ ನಮ್ಮ ಅಜ್ಜನ ಕಾಲದ ಮನೆಯನ್ನು ಬಿಚ್ಚಿದಾಗ ಉಳಿದ ಮತ್ತಿ ಮತ್ತು ಹಲಸಿನ ತೊಲೆಗಳಿಂದ ತೋಟದಲ್ಲಿ ಒಂದು ಚಪ್ಪರವನ್ನೂ ಎರಡು ಬೆಂಚುಗಳನ್ನೂ ಮಾಡಿಸಿದೆ. ನೂರು ವರ್ಷ ಸೂರಿನಡಿ ಬಾಳಿದ ಮರ ಹೊರಗೂ ಬಾಳುತ್ತದೆಂದು ನಂಬಿ, ಮೇ ತಿಂಗಳ ಕೊನೆಯಲ್ಲಿ ಅವಸರದಿಂದ ಎಣ್ಣೆ ಬಳಿದು ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳಿಸಿದ್ದೆ. ಎರಡನೆಯ ಮಳೆಗಾಲ ಮುಗಿದಾಗ ಮೇಲೆಲ್ಲ ಗಟ್ಟಿಯಾಗಿದ್ದ ಕಂಬಕ್ಕೆ ನೆಲಮಟ್ಟದಲ್ಲಿ ಚಾಕು ಊರಿದರೆ ಬಾಳೆದಿಂಡಿಗೆ ಇಳಿದಂತೆ ಇಳಿಯುತ್ತಿತ್ತು. ತೇವವೂ ಗಾಳಿಯೂ ಸದಾ ಒಟ್ಟಿಗೆ ಸಿಗುವ ಜಾಗ ಅದೇ ಆದ್ದರಿಂದ ಬೂಷ್ಟು ಅಲ್ಲಿಂದಲೇ ಹಿಡಿಯುತ್ತದೆ.

ಅದನ್ನು ನೋಡಿದ ನಮ್ಮ ಆಚಾರಿಗಳು, "ಎಣ್ಣೆ ಆಮೇಲಾಯ್ತು, ಮೊದ್ಲು ಕಂಬದ ಕಾಲಿಗೆ ಕಲ್ಲು ಕೊಡಿ" ಎಂದರು. ಹಳೆಯ ಜಗಲಿಯ ಕಂಬಗಳೆಲ್ಲ ಕಲ್ಲಿನ ಮೇಲೆಯೇ ನಿಂತಿದ್ದವು. ಕಣ್ಣೆದುರಿಗಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಜಂಬಿಟ್ಟಿಗೆ ನೀರು ಹೀರುವುದರಿಂದ ಅದನ್ನು ಬಿಟ್ಟು, ಕರಿಕಲ್ಲನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಕೂರಿಸಿ, ಕಬ್ಬಿಣದ ಗೂಟದ ಮೇಲೆ ಕಂಬವನ್ನು ನಿಲ್ಲಿಸಿದೆವು.

ಈ ಬಾರಿ ಕೆಲಸವನ್ನು ಜನವರಿಯಲ್ಲೇ ಆರಂಭಿಸಿದೆ. ಮೊಳೆಗಳನ್ನು ಕಿತ್ತು, ಪ್ರತಿ ತೊಲೆಯನ್ನೂ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ಬದಿಗಿಟ್ಟೆ. ಚೇಗು ಗಟ್ಟಿಯಾಗಿತ್ತು, ಹುಳು ಕೊರೆದದ್ದು ಹೊರಗಿನ ಬಿಳಿಭಾಗವನ್ನು ಮಾತ್ರ. ಅದನ್ನು ಬಾಚಿಯಿಂದ ಪೂರ್ತಿ ಕೆತ್ತಿಸಿದೆ. ಅಡುಗೆಮನೆಯ ಒಲೆಯ ಮೇಲಿದ್ದ, ಹೊಗೆ ಕುಡಿದು ಕಪ್ಪಾದ ಜಂತಿಗಳಲ್ಲಿ ಒಂದು ತೂತೂ ಇರಲಿಲ್ಲ. ಹಳೆಯ ಬಣ್ಣವಿದ್ದ ತುಂಡುಗಳನ್ನು ಮಾತ್ರ ಒಣದಾಗಿ ಉಜ್ಜಲಿಲ್ಲ, ಏಕೆಂದರೆ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದರ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು.

ಬಳಿಕ 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಎರಡು ಸಲ ಧಾರಾಳವಾಗಿ ಬಳಿದು, ದ್ರಾವಣ ಒಳಕ್ಕೆ ಇಳಿಯಲೆಂದು ಒಂದು ವಾರ ಟಾರ್ಪಾಲಿನಲ್ಲಿ ಸುತ್ತಿಟ್ಟೆ. ಗೆದ್ದಲಿಗೂ ಕುಟ್ಟೆಹುಳುವಿಗೂ ಇದು ಒಳ್ಳೆಯ ಮದ್ದು. ಆದರೆ ಮಳೆನೀರಿಗೆ ತೊಳೆದುಹೋಗುತ್ತದೆ, ಹೆಚ್ಚಾದರೆ ಗಿಡಗಳಿಗೂ ವಿಷವಾಗುತ್ತದೆ. ಹಾಗಾಗಿ ಈ ಕೆಲಸವನ್ನು ತರಕಾರಿ ಪಾತಿಯಿಂದ ದೂರದಲ್ಲಿ ಮಾಡಿದೆ.

ನೆರಳಿನಲ್ಲಿ ಒಂದೂವರೆ ತಿಂಗಳು ಒಣಗಿಸಿದ ಮೇಲೆಯೇ ಅಗಸೆ ಎಣ್ಣೆಗೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ ಬಳಿದೆ. ತೊಲೆಯ ಕೊಯ್ದ ತುದಿ ನೋಡನೋಡುತ್ತಿದ್ದಂತೆ ಎಣ್ಣೆಯನ್ನು ಕುಡಿದು ಮತ್ತೆ ಮಂಕಾಗುತ್ತಿತ್ತು. ಮಳೆನೀರೂ ಅದೇ ದಾರಿಯಲ್ಲಿ ಒಳಹೋಗುವುದರಿಂದ, ಬದಿಗೆ ಎರಡು ಸಲ ಸಾಕಾದರೆ ತುದಿಗೆ ಐದು ಸಲ ಕೊಟ್ಟೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಬಾರದು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನಾನು ಬೇಲಿಯ ಮೇಲೆ ಬಿಡಿಬಿಡಿಯಾಗಿ ಹರವಿ ಒಣಗಿಸಿದೆ.

ನಾಲ್ಕು ಮಳೆಗಾಲ ಕಳೆದರೂ ಕಂಬಗಳ ಬುಡ ಗಟ್ಟಿಯಾಗಿದೆ. ಪ್ರತಿ ಫೆಬ್ರವರಿಯಲ್ಲಿ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ, ಒಂದು ಸಲ ಎಣ್ಣೆ ಕೊಡುತ್ತೇನೆ. ಒಂದು ಬೆಂಚಿನ ಮೇಲ್ಮುಖದ ಬಿರುಕಿನಲ್ಲಿ ಕಳೆದ ವರ್ಷ ನೀರು ನಿಲ್ಲುತ್ತಿತ್ತು. ಆ ಹಲಗೆಯನ್ನು ಬಿಚ್ಚಿ, ಬಿರುಕು ಕೆಳಗೆ ಬರುವಂತೆ ತಿರುವಿ ಹಾಕಿಸಿದ್ದೇನೆ.